ಎತ್ತು ಕಾಯ್ದ ಹುಲ್ಲು

ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ ಹೊರಟರೆ ಎಣ್ಣೆ ಮಿಲ್ಲುಗಳ ವಾಸನೆ ಹಿಂದೆ ಉಳಿದು ಬಯಲು ತೆರೆದುಕೊಳ್ಳುತ್ತದೆ. ಕೆಂಪು ಮಣ್ಣು, ಮೊಣಕಾಲೆತ್ತರದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ, ಬಂದ್ರೆ, ಕಾರೆ ಗಿಡ, ದೂರದಲ್ಲಿ ಬಂಡೆಗುಡ್ಡಗಳ ಸಾಲು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಸರ್ಕಾರಿ ಕಡತಗಳಲ್ಲಿ ಇಂಥ ನೆಲವನ್ನು ಖರಾಬು ಎಂದೋ ಬಂಜರು ಎಂದೋ ಬರೆಯುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ. ಬೆಳೆ ಬರದ, ಕಂದಾಯ ಹುಟ್ಟದ, ಮರ ನಿಲ್ಲದ ನೆಲಕ್ಕೆ ಆ ಕಡತಗಳಲ್ಲಿ ಬೇರೆ ಕಲಮೇ ಇರಲಿಲ್ಲ.

ನಾನು ಪಶುವೈದ್ಯ ಪರೀಕ್ಷಕನಾಗಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ದುಡಿದು ನಿವೃತ್ತನಾದವನು. ದೊಡ್ಡರೋಗ, ಚಪ್ಪೆರೋಗ, ಗಳಲೆರೋಗ, ಕಾಲುಬಾಯಿ ಜ್ವರ ಎಂದು ಲಸಿಕೆಯ ಡಬ್ಬ ಹೊತ್ತು ಹಟ್ಟಿಯಿಂದ ಹಟ್ಟಿಗೆ ಅಲೆದವನು. ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಆ ಅಲೆದಾಟದಲ್ಲೇ. ವಿಜ್ಞಾನದ ಪದವಿಯಿಲ್ಲ, ಒಂದು ದುರ್ಬೀನು ಮತ್ತು ಬರೆದಿಟ್ಟ ಪುಸ್ತಕಗಳಿವೆ. ಇಷ್ಟು ವರ್ಷ ದನ ಮತ್ತು ಹಕ್ಕಿ ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ನಮ್ಮ ಸೀಮೆಯ ಹುಲ್ಲುಗಾವಲು ತಾನೇ ತಾನಾಗಿ ಉಳಿದು ಬಂದದ್ದಲ್ಲ. ಸಾವಿರಾರು ವರ್ಷ ದನ ಮೇಯಿಸಿದವರು ಅದನ್ನು ಉಳಿಸಿದರು. ಕೃಷ್ಣಮೃಗ, ತೋಳ, ಎರೆಭೂತ, ಸೆಳೆವ, ನೆಲಗುಬ್ಬಿ ಎಲ್ಲವೂ ಆ ದನಗಳ ಹಿಂದೆಯೇ ಬದುಕಿದವು.

ಈ ಚರಿತ್ರೆ ಎಷ್ಟು ಹಳೆಯದೆಂದು ತಿಳಿಯಲು ಮೊಳಕಾಲ್ಮೂರಿನ ಗಡಿ ದಾಟಿ ಬಳ್ಳಾರಿ ಕಡೆಗೆ ಹೋಗಬೇಕು. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯ ಬಳಿ ಒಂದು ಬೂದಿಗುಡ್ಡ ಇದೆ. ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ಕಥೆ ಹೇಳುತ್ತಿದ್ದರು. 1950ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಉಟ್ನೂರಿನ ಇಂಥದ್ದೇ ಗುಡ್ಡವನ್ನು ಅಗೆದು ನೋಡಿದರು. ಅಲ್ಲಿ ಕಂಬ ನೆಟ್ಟ ಗುಳಿಗಳ ಸಾಲುಗಳು, ಬೇಲಿ ಹಾಕಿದ ಗುರುತು, ಪದರ ಪದರವಾಗಿ ಸುಟ್ಟ ಸಗಣಿ, ದನದ ಗೊರಸಿನ ಅಚ್ಚುಗಳು ಸಿಕ್ಕವು. ನವಶಿಲಾಯುಗದ ದನದ ರೊಪ್ಪ ಅದು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ಒಣಸೀಮೆಯಲ್ಲಿ ದೊಡ್ಡ ದನದ ಮಂದೆಗಳಿದ್ದವು, ಸಗಣಿ ಗುಡ್ಡೆಯಾದಾಗ ಅದಕ್ಕೆ ಬೆಂಕಿ ಕೊಡುತ್ತಿದ್ದರು. ಹಟ್ಟಿಗಳಲ್ಲಿ ಇವತ್ತಿಗೂ ಕಾರೆ, ಜಾಲಿ ಮುಳ್ಳು ಕಡಿದು ತಂದು ಸುತ್ತ ಒಟ್ಟಿದ ರೊಪ್ಪಗಳನ್ನು ನೋಡಿದವರಿಗೆ ಆಲ್ಚಿನ್ ಬಿಡಿಸಿದ ನಕ್ಷೆ ಹೊಸದೆನಿಸುವುದಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೂ ಇದೇ ಮಾತಿಗೆ ಸಾಕ್ಷಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲು ಕೊಡಲಿಯ ಕಾಲ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಕಾಲ, ಅದರ ಮೇಲೆ ಶಾತವಾಹನರ ಕಾಲ ಹೀಗೆ ಒಂದರ ಮೇಲೊಂದು ಕಂಡವು. ಅದಕ್ಕೂ ಮೊದಲು, 1892ರಲ್ಲಿ, ಶಾಸನತಜ್ಞ ಬಿ. ಎಲ್. ರೈಸ್ ಇಲ್ಲಿಯೇ ಅಶೋಕನ ಶಾಸನಗಳನ್ನು ಗುರುತಿಸಿದ್ದರು. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ, ಮೂರೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಹೋದ ಅಶೋಕನ ಆಜ್ಞೆಯಲ್ಲಿ ತಂದೆತಾಯಿಯ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೆ ಪ್ರಾಣಿಗಳ ಬಗ್ಗೆ ನಡೆದುಕೊಳ್ಳಬೇಕಾದ ರೀತಿಯೂ ಬರುತ್ತದೆ. ಶಾಸನ ಬರೆದ ಚಪಡ ತನ್ನ ಕಸುಬಿನ ಹೆಸರನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅಷ್ಟು ದೂರದಿಂದ ಲಿಪಿಕಾರರು, ಅಧಿಕಾರಿಗಳು ಬಂದು ನೆಲೆಸಿದ ಸೀಮೆ ಇದು. ಇಲ್ಲಿ ಆಗಲೂ ಹುಲ್ಲಿತ್ತು, ದನವಿತ್ತು, ಜನವಿತ್ತು.

ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಜಟಾಯು ರಾವಣನೊಡನೆ ಹೋರಾಡಿ ಬಿದ್ದನೆಂಬುದು ಸ್ಥಳದ ನಂಬಿಕೆ. ಹದ್ದಿನ ರಾಜನಿಗೆ ಗುಡಿ ಕಟ್ಟಿದ ಬೆಟ್ಟದ ಸುತ್ತ ಈಗ ರಣಹದ್ದು ಕಾಣುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಾಚೆ ಸತ್ತ ಎತ್ತನ್ನು ಬಿಸಾಡಿದರೆ ಮಧ್ಯಾಹ್ನದೊಳಗೆ ಅವು ಎಲ್ಲಿಂದಲೋ ಇಳಿದು ಬಂದು ಮೂಳೆ ಮಾತ್ರ ಉಳಿಸುತ್ತಿದ್ದವು. ದನಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆಂದು ತಿಳಿಯುವಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ಬಹುಪಾಲು ಹೋಗಿದ್ದವು. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ದನಕ್ಕೂ ಹಕ್ಕಿಗೂ ಇರುವ ನಂಟು ಎಷ್ಟು ಹತ್ತಿರದ್ದೆಂದು ನನ್ನ ಕಸುಬು ನನಗೆ ಕಲಿಸಿದ ಅತಿ ಕಹಿಯಾದ ಪಾಠ ಅದು.

ಈ ಬಯಲಿನ ನಿಜವಾದ ಹಕ್ಕುದಾರರು ಮ್ಯಾಸನಾಯಕರು ಮತ್ತು ಕಾಡುಗೊಲ್ಲರು. ಬೇಡರಲ್ಲಿ ಊರುಬೇಡರು, ಮ್ಯಾಸಬೇಡರು ಎಂದು ಎರಡು ಪಂಗಡ. ಮ್ಯಾಸನಾಯಕರು ಊರಿನಿಂದ ದೂರ ಹಟ್ಟಿ ಕಟ್ಟಿ ದನ ಸಾಕಿದವರು. ಅವರ ಕಟ್ಟಳೆಗಳು ಬಿಗಿ. ಕಟ್ಟಾ ಮ್ಯಾಸರು ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ, ಹೆಂಡ ಕೊಡುವ ಮರವೆಂದು ಈಚಲು ಚಾಪೆಯ ಮೇಲೂ ಕೂರುವುದಿಲ್ಲ. ಅವರ ದೇವರುಗಳಲ್ಲಿ ಹಲವರು ದನ ಕಾಯ್ದ, ದನಕ್ಕಾಗಿ ಹೊಡೆದಾಡಿದ ವೀರರು. ಆ ದೇವರಿಗೆ ಬಿಟ್ಟ ದನಗಳೇ ದೇವರ ಎತ್ತುಗಳು. ಅವುಗಳಿಗೆ ನೊಗ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಕಾಯುವವನು ಕಿಲಾರಿ. ಅವನ ಬದುಕೆಲ್ಲ ಮಂದೆಯ ಜೊತೆಗೇ.

ಕಾಡುಗೊಲ್ಲರಿಗೂ ಹುಲ್ಲು, ಮುಳ್ಳು ದೈವಕ್ಕೆ ಸಮಾನ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ಗುಡಿಯನ್ನೇ ಬಾರೆ ಮುಳ್ಳಿನಿಂದ ಕಟ್ಟುತ್ತಾರೆ. ಆಳೆತ್ತರಕ್ಕೂ ಮೀರಿದ ಮುಳ್ಳಿನ ರಾಶಿಯ ತುದಿಯಲ್ಲಿ ಕಳಸ. ಹರಕೆ ಹೊತ್ತ ಗಂಡಸರು ಬರಿಗಾಲಲ್ಲಿ, ಬರಿಮೈಯಲ್ಲಿ ಅದನ್ನು ಹತ್ತಿ ಕಳಸ ಕೀಳುತ್ತಾರೆ. ಕುರಿಯ ರೊಪ್ಪಕ್ಕೆ ತೋಳ ನುಗ್ಗದಂತೆ ಕಾದದ್ದು ಇದೇ ಮುಳ್ಳು. ತಮ್ಮನ್ನು ಕಾದದ್ದನ್ನೇ ಗುಡಿ ಮಾಡಿ ನಿಲ್ಲಿಸಿದ ಜನ ಇವರು.

ದೇವರ ಎತ್ತುಗಳಿಗೆ ಲಸಿಕೆ ಹಾಕುವುದು ಸುಲಭದ ಕೆಲಸವಲ್ಲ. ಮೂಗುದಾರವಿಲ್ಲದ, ಕಿಲಾರಿಯನ್ನು ಬಿಟ್ಟು ಬೇರೆ ಮನುಷ್ಯನ ಕೈ ಸೋಕಿಯೂ ಗೊತ್ತಿಲ್ಲದ ಹೋರಿಗಳು. ರೊಪ್ಪದೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ನನ್ನಿವಾಳದ ಕಡೆಯ ಒಂದು ಹಟ್ಟಿಯಲ್ಲಿ ಒಬ್ಬ ಹಿರಿಯ ಕಿಲಾರಿ ಇದ್ದ. ಮೊದಲು ಕಾಯಿ ಒಡೆದು ದೇವರಿಗೆ ಹೇಳಿಕೊಂಡು, ಆಮೇಲೆ ಮಂದೆಯ ನಡುವೆ ನಿಂತು ಒಂದೊಂದೇ ಎತ್ತಿನ ಹೆಸರು ಹಿಡಿದು ಕೂಗುತ್ತಿದ್ದ. ಕರೆದದ್ದು ಬರುತ್ತಿತ್ತು. ಅವನು ಗಂಗೆದೊಗಲು ತುರಿಸುತ್ತಾ ನಿಂತಿದ್ದಾಗ ನಾನು ಹಿಂದಿನಿಂದ ಸೂಜಿ ಚುಚ್ಚಿ ಸರಿಯಬೇಕು. ಕೆಲಸ ಮುಗಿದ ಮೇಲೆ ಬೇಲಿಯ ಹೊರಗೆ ಕೂತು ಮಾತಾಡುವುದು ವಾಡಿಕೆ.

ಒಂದು ಸಲ ಕಾವಲನ್ನು, ಅಂದರೆ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲನ್ನು, ತೋರಿಸಿ ಕೇಳಿದೆ: "ತಾತ, ಈ ಕಾವಲಿಗೆ ಒಂದೆರಡು ವರ್ಷ ದನ ಬಿಡದೆ ಇದ್ರೆ ಹುಲ್ಲು ಇನ್ನೂ ದಟ್ಟ ಆಗಲ್ವ?"

"ಹುಲ್ಲು ಆಗಲ್ಲ ಡಾಕ್ಟ್ರೆ, ಪೊದೆ ಆಗ್ತೈತೆ," ಅಂದ. "ದನ ಬಾಯಿ ಹಾಕ್ದಿದ್ರೆ ಹಳೆ ಹುಲ್ಲು ಒಣಗಿ ಬುಡ ಮುಚ್ತೈತೆ. ಹೊಸ ಮೊಳಕೆಗೆ ಬಿಸಿಲು ಕಾಣಲ್ಲ. ಆಮೇಲೆ ಬಂದ್ರೆ ಬರ್ತೈತೆ, ಜಾಲಿ ಬರ್ತೈತೆ. ಆದ್ರೆ ದಿನಾ ಒಂದೇ ತಾವು ಮೇಯ್ಸಿದ್ರೂ ಕೆಡ್ತೈತೆ. ಮೇಯ್ಸ್ಬೇಕು, ಮುಂದಕ್ಕೆ ಹೋಗ್ಬೇಕು."

ಹುಲ್ಲುಗಾವಲಿನ ಪರಿಸರ ವಿಜ್ಞಾನವನ್ನು ನಾನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಅವುಗಳ ಸಾರ ಆ ಮಾತಿನಲ್ಲಿ ಅಡಕವಾಗಿತ್ತು.

ಮೈಸೂರಿನ ಅರಸರು ಮಾಡಿದ್ದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲುಬೆಣ್ಣೆಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಮಾಡಿ, ದನಗಳಿಗಾಗಿ ಕಾವಲುಗಳನ್ನು ಕಾಯ್ದಿರಿಸಿದರು. ಹೈದರನ ಕಾಲಕ್ಕೆ ಅದೇ ದನಗಳು ಫಿರಂಗಿ ಎಳೆದವು. ಚಿದಂಬರದ ನೆರವಿಗೆ ಹೋಗುವಾಗ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರೇ ಬರೆದಿಟ್ಟರು. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ದನ ಸಾಕುವ ನಿಯಮಗಳ ಹುಕುಂನಾಮೆ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳು ಕಂಪನಿಯ ಸೈನ್ಯಕ್ಕೆ ಹೋದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಉಸ್ತುವಾರಿ ವಹಿಸಿಕೊಂಡ ಮೇಲೆ ಮಂದೆ ಬೆಳೆಯಿತು. 1860ರಲ್ಲಿ ಖರ್ಚು ಉಳಿಸಲೆಂದು ಮದರಾಸಿನ ಗವರ್ನರ್ ಟ್ರೆವೆಲಿಯನ್ ಇಲಾಖೆಯನ್ನೇ ಮುಚ್ಚಿಸಿದ. ಒಳ್ಳೆಯ ಎತ್ತು ಎಲ್ಲೂ ಸಿಗದೆ ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಮತ್ತೆ ಶುರು ಮಾಡಬೇಕಾಯಿತು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು.

ಈ ಚರಿತ್ರೆಯಲ್ಲಿ ರಾಜರಿಗಿಂತ ಕಾವಲು ನಡೆಸಿದ ಕ್ರಮ ನನಗೆ ಮುಖ್ಯ. ಚಿತ್ರದುರ್ಗ, ತುಮಕೂರು, ಹಾಸನ, ಕಡೂರು ಸೀಮೆಗಳಲ್ಲಿ 200ಕ್ಕೂ ಹೆಚ್ಚು ಕಾವಲುಗಳಿದ್ದವು, ಒಟ್ಟು ವಿಸ್ತೀರ್ಣ 4 ಲಕ್ಷ ಎಕರೆಗೂ ಮೇಲೆ. ಎಲ್ಲ ಕಾವಲಿಗೂ ಎಲ್ಲ ಕಾಲದಲ್ಲೂ ದನ ಬಿಡುತ್ತಿರಲಿಲ್ಲ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ಬಗೆ. ಬೇಸಿಗೆಯ ಕಾವಲೆಂದರೆ ಕೆರೆಯೋ ಹಳ್ಳವೋ ಪಕ್ಕದಲ್ಲಿದ್ದು ನೀರು ನೆರಳು ಸಿಗುವ ಜಾಗ. ಸೇರ್ವೆಗಾರನ ಕೈಕೆಳಗೆ ಮಂದೆಗಳು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದವು. ಹೋದ ಕಡೆ ಹುಲ್ಲು ತಿಂದು, ಸಗಣಿ ಬಿಟ್ಟು, ಗೊರಸಿನಿಂದ ನೆಲ ಕೆದಕಿ ಮುಂದೆ ಸಾಗುತ್ತಿದ್ದವು. ಹಿಂದಿನ ಕಾವಲು ಮುಂದಿನ ವರ್ಷದವರೆಗೆ ಚೇತರಿಸಿಕೊಳ್ಳುತ್ತಿತ್ತು. ಕಾವಲೊಳಗೆ ಉಳುವಂತಿಲ್ಲ. ಸುತ್ತಲ ಹಳ್ಳಿಯವರಿಗೆ ತಲೆತಲಾಂತರದಿಂದ ಬಂದ ಮೇವಿನ ಅನುಕೂಲ ಇತ್ತು. ಕಿಲಾರಿ ತಾತ ಹೇಳಿದ "ಮೇಯ್ಸ್ಬೇಕು, ಮುಂದಕ್ಕೆ ಹೋಗ್ಬೇಕು" ಎಂಬ ಮಾತನ್ನು ಸಂಸ್ಥಾನವೊಂದು ಇಲಾಖೆಯ ನಿಯಮವಾಗಿ ಇನ್ನೂರು ವರ್ಷ ನಡೆಸಿತು.

ಎತ್ತಿಗೆಂದು ಕಾದಿರಿಸಿದ ಹುಲ್ಲಿನಲ್ಲಿ ಎಷ್ಟೊಂದು ಜೀವ ನೆಲೆ ಕಂಡಿತೆಂಬುದಕ್ಕೆ ಲೆಕ್ಕವೇ ಇಲ್ಲ. ಹಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎರೆಭೂತ. ನಮ್ಮ ಕಡೆ ತೆಲುಗು ಮಾತಾಡುವವರು ಬಟ್ಟಮೇಕ ಎನ್ನುತ್ತಾರೆ. ಗಂಡು 15 ಕಿಲೋವರೆಗೂ ತೂಗುವ, ಜಗತ್ತಿನಲ್ಲಿ ಹಾರುವ ಅತಿ ಭಾರದ ಹಕ್ಕಿಗಳಲ್ಲಿ ಒಂದು. ಬಯಲಲ್ಲಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಿಡತೆ, ಹಲ್ಲಿ, ಕಾಳು, ಬೋರೆ ಹಣ್ಣು ಅದರ ಆಹಾರ. ಕಣ್ಣು ಹಾಯುವಷ್ಟು ದೂರ ಅಡ್ಡಿಯಿಲ್ಲದ ನೆಲ ಅದಕ್ಕೆ ಬೇಕು. 19ನೇ ಶತಮಾನದ ನಡುವೆ ಟಿ. ಸಿ. ಜೆರ್ಡನ್ ತನ್ನ ಪಕ್ಷಿ ಗ್ರಂಥದಲ್ಲಿ ದಕ್ಕನ್ ಬಯಲಿನ ಈ ಹಕ್ಕಿಯ ಬಗ್ಗೆ ವಿವರವಾಗಿ ಬರೆದ. ಆ ಕಾಲದ ಬಿಳಿ ಅಧಿಕಾರಿಗಳಿಗೆ ಹಕ್ಕಿ ಗುರುತಿಸುವುದು, ಹೊಡೆದು ಉರುಳಿಸುವುದು, ತಿನ್ನುವುದು ಎಲ್ಲ ಒಂದೇ ಹವ್ಯಾಸದ ಭಾಗವಾಗಿತ್ತು. ಸ್ವಾತಂತ್ರ್ಯದ ನಂತರ ಜೀಪು ಮತ್ತು ಬಂದೂಕು ಸೇರಿದ ಮೇಲೆ ದೇಶದುದ್ದಕ್ಕೂ ಅದರ ಸಂತತಿ ಕುಸಿಯಿತು. ಈಗ ಇಡೀ ಭಾರತದ ಬಯಲುಗಳಲ್ಲಿ ಉಳಿದಿರುವುದು 150ಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು.

ಚಿಕ್ಕವೂ ಇವೆ. ಉದ್ದ ಬಿಳಿಗಾಲಿನ, ಇಟ್ಟಿಗೆ ಬಣ್ಣದ ಎದೆಯ ಕೋರ್ಸರ್ ಹಕ್ಕಿ ಕುರಿ ಮೇಯ್ದು ಬೋಳಾದ ಜಾಗವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಉಳ್ಳಾರ್ತಿ ಕಾವಲಿನಲ್ಲಿ ಒಂದು ಬೇಸಿಗೆ ಅದರ ಮೊಟ್ಟೆ ಕಂಡೆ. ಗೂಡೆಂಬುದೇ ಇಲ್ಲ, ಅಂಗೈಯಗಲ ಕೆದಕಿದ ಮಣ್ಣು. ಮೊಟ್ಟೆಯ ಮೈತುಂಬ ಕಪ್ಪು ಚುಕ್ಕೆ. ಸುತ್ತ ಬಿದ್ದಿದ್ದ ಕುರಿಹಿಕ್ಕೆ, ಕಂದು ಕಲ್ಲುಚೂರುಗಳ ನಡುವೆ ಎರಡು ಮೊಟ್ಟೆ ಕಣ್ಣೆದುರೇ ಇದ್ದರೂ ಒಮ್ಮೆ ದೃಷ್ಟಿ ತಪ್ಪಿದರೆ ಮತ್ತೆ ಸಿಗುತ್ತಿರಲಿಲ್ಲ. ಎತ್ತರದ ಹುಲ್ಲಿನಲ್ಲಿ ಈ ಹಕ್ಕಿ ಓಡಲಾರದು, ಬರುವ ನರಿಯನ್ನು ನೋಡಲಾರದು. ಕುರಿ ಮೇಯದಿದ್ದರೆ ಅದಕ್ಕೆ ಇಲ್ಲಿ ಮನೆಯಿಲ್ಲ. ಅದೇ ಕುರಿಯ ಉಣ್ಣೆಯಿಂದ ಉಳ್ಳಾರ್ತಿ ಸುತ್ತಲ ಕುರುಬರು ಹುಣಸೆಬೀಜದ ಗಂಜಿ ಸವರಿ ಕರಿಕಂಬಳಿ ನೇಯುತ್ತಾರೆ. ಹಕ್ಕಿಯ ಮೊಟ್ಟೆಯೂ ಮಗ್ಗದ ಕಂಬಳಿಯೂ ಒಂದೇ ಹುಲ್ಲಿನ ಫಲ.

ಚಳಿಗಾಲಕ್ಕೆ ಸೆಳೆವಗಳು ಬರುತ್ತವೆ. ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ, ಹಿಮ ಬೀಳುವ ಮೊದಲು ಹೊರಟು ದಕ್ಕನ್ನಿಗೆ ಇಳಿಯುವ ಗಿಡುಗನ ಜಾತಿಯ ಹಕ್ಕಿಗಳು. ಹಗಲೆಲ್ಲ ಶೇಂಗಾ ಹೊಲ, ಕಾವಲುಗಳ ಮೇಲೆ ತಗ್ಗಿನಲ್ಲಿ ತೇಲುತ್ತಾ ಮಿಡತೆ ಹಿಡಿದು, ಸಂಜೆಗೆ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಮರದ ಮೇಲೆ ಕೂರುವ ಅಭ್ಯಾಸ ಅವುಗಳಿಗಿಲ್ಲ. ಅವುಗಳಲ್ಲಿ ಒಂದು ಜಾತಿಗೆ ಇಂಗ್ಲೆಂಡಿನ ಜಾರ್ಜ್ ಮೊಂಟಗುವಿನ ಹೆಸರಿದೆ. 1753ರಲ್ಲಿ ವಿಲ್ಟ್‌ಶೈರ್ ಸೀಮೆಯಲ್ಲಿ ಹುಟ್ಟಿದ ಸೈನಿಕ, ಯಾವ ವಿಶ್ವವಿದ್ಯಾಲಯದಲ್ಲೂ ಹುದ್ದೆಯಿಲ್ಲದ ಹವ್ಯಾಸಿ. 1802ರ ತನ್ನ ಪಕ್ಷಿ ನಿಘಂಟಿನಲ್ಲಿ ಅವನು ಈ ಸೆಳೆವ ಬೇರೆಯೇ ಜಾತಿ ಎಂದು ತೋರಿಸಿಕೊಟ್ಟ. ಇಂದು ಅವನ ನಾಡಿನಲ್ಲೇ ಆ ಹಕ್ಕಿ ಗೂಡು ಕಟ್ಟುವುದು ಹೆಚ್ಚೂಕಡಿಮೆ ನಿಂತುಹೋಗಿದೆ.

ಮೊಂಟಗುವಿನ ವಿಲ್ಟ್‌ಶೈರಿನಲ್ಲಿ ಸಾಲಿಸ್‌ಬರಿ ಬಯಲು ಎಂಬ ಸುಣ್ಣಗಲ್ಲಿನ ಹುಲ್ಲುಗಾವಲಿದೆ. ಆ ಬಯಲಿನ ಕಥೆ ಚಳ್ಳಕೆರೆಯವರು ತಿಳಿಯಬೇಕಾದದ್ದು. ನಮ್ಮ ಎರೆಭೂತದ ಹತ್ತಿರದ ಸಂಬಂಧಿ ದೊಡ್ಡ ಬಸ್ಟರ್ಡ್ ಇಂಗ್ಲೆಂಡಿನ ಬಯಲುಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದರ ಪ್ರಸ್ತಾಪ ಮಾಡಿದ್ದಾನೆ. 1832ರ ಹೊತ್ತಿಗೆ ಅದು ಬ್ರಿಟನ್ನಿನಿಂದ ಅಳಿದುಹೋಯಿತು. ಬೇಟೆ ಒಂದು ಕಾರಣ. ಸಾಮೂಹಿಕ ಬಯಲುಗಳಿಗೆ ಬೇಲಿ ಬಿದ್ದು ಖಾಸಗಿ ಹೊಲಗಳಾದವು. ಸಾಲು ಬಿತ್ತನೆ, ಕುದುರೆ ಎಳೆಯುವ ಕುಂಟೆ ಬಂದು ಹೊಲದೊಳಗಿನ ಮೊಟ್ಟೆಗಳು ಒಡೆದವು. ಗಾಳಿ ತಡೆಯಲೆಂದು ನಾರ್ಫೋಕ್ ಬಯಲಲ್ಲಿ ಸಾಲು ಸಾಲು ಮರ ನೆಟ್ಟರು. ಮರವನ್ನು ಸಹಿಸದ ಹಕ್ಕಿಗೆ ನೆಲೆ ತಪ್ಪಿತು.

1897ರಿಂದ ಬ್ರಿಟಿಷ್ ಸೈನ್ಯ ಸಾಲಿಸ್‌ಬರಿ ಬಯಲನ್ನು ತರಬೇತಿಗೆಂದು ಕೊಳ್ಳತೊಡಗಿತು. ಈಗ ಅದರ ಕೈಯಲ್ಲಿ ಸುಮಾರು 38,000 ಹೆಕ್ಟೇರ್ ಇದೆ. ಸುತ್ತಲ ಹುಲ್ಲುಗಾವಲೆಲ್ಲ ರಾಸಾಯನಿಕ ಗೊಬ್ಬರದ ಗೋಧಿ ಹೊಲವಾದರೂ ಸೈನ್ಯದ ನೆಲ ನೇಗಿಲು ಕಾಣಲಿಲ್ಲ. ವಾಯವ್ಯ ಯುರೋಪಿನಲ್ಲಿ ಆ ಬಗೆಯ ಹುಲ್ಲುಗಾವಲು ಇಷ್ಟು ದೊಡ್ಡದಾಗಿ ಬೇರೆಲ್ಲೂ ಉಳಿದಿಲ್ಲ. ಸೈನ್ಯ ಅಲ್ಲಿ ರೈತರ ದನಗಳಿಗೆ ಮೇಯಲು ಜಾಗ ಕೊಡುತ್ತದೆ. ಹವ್ಯಾಸಿಗಳು ಕಟ್ಟಿದ ಒಂದು ಸಂಘ 2004ರಲ್ಲಿ ರಷ್ಯಾದ ಬಸ್ಟರ್ಡ್ ಮರಿಗಳನ್ನು ತಂದು ಅಲ್ಲಿ ಬಿಟ್ಟಿತು. 2009ರಲ್ಲಿ ಅವು ಅಲ್ಲೇ ಮರಿ ಮಾಡಿದವು, 177 ವರ್ಷಗಳ ನಂತರ. ಒಂದು ಹಕ್ಕಿಯನ್ನು ಕಳೆದುಕೊಳ್ಳಲು ಒಂದೆರಡು ತಲೆಮಾರು ಸಾಕು. ಮರಳಿ ತರಲು ಪರದೇಶದ ಮೊಟ್ಟೆ, ಮರಿ, ಹಣ, ಸಾಕುವವರ ಇಡೀ ಆಯಸ್ಸು ಬೇಕು.

ಇಂಗ್ಲೆಂಡಿನಲ್ಲಿ ಇನ್ನೂರು ವರ್ಷ ಹಿಂದೆ ನಡೆದದ್ದೆಲ್ಲ ನಮ್ಮಲ್ಲಿ ಐವತ್ತು ಅರವತ್ತು ವರ್ಷಗಳಲ್ಲಿ ನಡೆಯಿತು. ಲಾರಿ, ಟ್ರ್ಯಾಕ್ಟರು ಬಂದ ಮೇಲೆ ಎತ್ತಿಗೆ ಬೆಲೆ ಇಳಿಯಿತು. ಅದರೊಂದಿಗೆ ಕಾವಲಿಗೂ ಬೆಲೆ ಇಳಿಯಿತು. ಭೂಹೀನರಿಗೆ ಹಂಚಿಕೆ, ಒತ್ತುವರಿ, ಸರ್ಕಾರಿ ಯೋಜನೆಗಳಿಗೆ ಮಂಜೂರಾತಿ ಎಂದು ಕಾವಲುಗಳು ಹರಿದು ಹಂಚಿಹೋದವು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರಾಯಿತು, ಶೇಂಗಾ ಕಾವಲಿನ ಅಂಚಿನವರೆಗೂ ಹಬ್ಬಿತು. ಭೂಮಿ ಇಲ್ಲದವನಿಗೆ ಭೂಮಿ ಸಿಕ್ಕಿದ್ದನ್ನು, ಶೇಂಗಾದಿಂದ ಮನೆ ಕಟ್ಟಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಉಳಿದ ಹುಲ್ಲಿನ ಮೇಲೆ ಹಸಿರೀಕರಣದ ಹೆಸರಿನಲ್ಲಿ ನೀಲಗಿರಿ ನೆಟ್ಟದ್ದು ತಪ್ಪು. ನಾರ್ಫೋಕಿನ ಮರದ ಸಾಲು ಮಾಡಿದ ಕೆಲಸವನ್ನೇ ನೀಲಗಿರಿ ಮಾಡಿತು. ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬಿ ಉಳಿದದ್ದನ್ನು ಮುಚ್ಚಿತು.

ಕೊನೆಗೆ 2008ರಿಂದ ಈಚೆಗೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸರದಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಸುತ್ತಲ ಹಳ್ಳಿಗಳ ಕುರಿಗಾಹಿಗಳು, ದನಗಾಹಿಗಳು ಪ್ರತಿಭಟಿಸಿದರು. 2013ರಲ್ಲಿ ಪ್ರಕರಣ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ರಾಕೆಟ್ ವಾಹನ ಅಲ್ಲಿಯ ರನ್‌ವೇ ಮೇಲೆ ತಾನಾಗಿಯೇ ಇಳಿದಾಗ ನಮ್ಮೂರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನನಗೂ ಹೆಮ್ಮೆಯಾಯಿತು. ಅದೇ ಹೊತ್ತಿಗೆ ಗೋಡೆಯ ಹೊರಗೆ ಕುರಿಮಂದೆಗಳು ರಸ್ತೆಯ ಅಂಚಿನ ಧೂಳುಹುಲ್ಲು ಮೇಯುತ್ತಿದ್ದವು. ಬರ ಬಂದ ವರ್ಷಗಳಲ್ಲಿ ದೇವರ ಎತ್ತುಗಳಿಗೆ ಮೇವಿಲ್ಲದೆ ಭಕ್ತರು ಲಾರಿಗಟ್ಟಲೆ ಹುಲ್ಲು ತರಿಸಿ ಹಾಕಬೇಕಾಗಿ ಬಂದಿದೆ. ಎರಡೂ ನನ್ನ ಊರಿನ ಸತ್ಯ.

ಗೋಡೆ ಕಟ್ಟಿದ್ದರಿಂದ ಹುಲ್ಲಾದರೂ ಉಳಿಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ನೆರೆಯ ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ ಎರೆಭೂತಕ್ಕೆಂದೇ 1988ರಲ್ಲಿ ಅಭಯಾರಣ್ಯ ಮಾಡಿದರು. ಬೇಲಿಯೊಳಗೆ ಕೃಷ್ಣಮೃಗ ಹೆಚ್ಚಿತು, ಸುತ್ತಲ ರೈತರ ಬೆಳೆ ಹಾಳಾಯಿತು, ಅಭಯಾರಣ್ಯದ ಹೊರಗಿನ ಮಳೆಯಾಶ್ರಿತ ಹೊಲಗಳ ಸ್ವರೂಪ ಬದಲಾಯಿತು. ಯಾವ ಹಕ್ಕಿಗಾಗಿ ಬೇಲಿ ಹಾಕಿದರೋ ಆ ಹಕ್ಕಿ ಅಲ್ಲಿ ಉಳಿಯಲಿಲ್ಲ. ಬೇಲಿಯೊಂದೇ ಹುಲ್ಲುಗಾವಲನ್ನು ಕಾಯಲಾರದು.

ಬೇರೆ ದಾರಿಯೂ ನಮ್ಮ ರಾಜ್ಯದಲ್ಲೇ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿರುವುದನ್ನು ತುಮಕೂರಿನ ಹವ್ಯಾಸಿ ನಿಸರ್ಗಪ್ರಿಯರು ವರ್ಷಗಟ್ಟಲೆ ದಾಖಲಿಸಿ, ಇಲಾಖೆಯ ಬೆನ್ನು ಹತ್ತಿ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಗುವಂತೆ ಮಾಡಿದರು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಅಲ್ಲಿ ಅಮೃತ ಮಹಲ್ ದನಗಳೂ ಕೃಷ್ಣಮೃಗಗಳೂ ಒಂದೇ ಹುಲ್ಲು ಮೇಯುತ್ತವೆ. ಮುನ್ನೂರು ವರ್ಷ ಹಿಂದಿನ ಬೆಣ್ಣೆ ಚಾವಡಿಯ ವ್ಯವಸ್ಥೆಯೇ ಇಂದಿನ ವನ್ಯಜೀವಿ ಕಾನೂನಿನ ಹೆಸರಿನಲ್ಲಿ ಅಲ್ಲಿ ಮುಂದುವರಿದಿದೆ.

ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಇದು ಆಗದೆ ಇರಲು ಕಾರಣವಿಲ್ಲ. ಹಂಚದೆ ಉಳಿದಿರುವ ಕಾವಲುಗಳನ್ನು ಬಾಸೂರಿನಂತೆ ಸಂರಕ್ಷಣಾ ಮೀಸಲು ಮಾಡಬೇಕು, ಮೇಯಿಸುವ ಹಕ್ಕನ್ನು ಅದರ ನಿಯಮದಲ್ಲೇ ಬರೆಯಬೇಕು. ನೀಲಗಿರಿ, ಬಳ್ಳಾರಿ ಜಾಲಿ ಕಿತ್ತು ಹುಲ್ಲಿಗೆ ಬಿಸಿಲು ಕೊಡಬೇಕು. ಗೋಡೆಯೊಳಗಿನ ಸಂಸ್ಥೆಗಳಲ್ಲಿ ದೇಶದ ಅತಿ ದೊಡ್ಡ ವಿಜ್ಞಾನಿಗಳಿದ್ದಾರೆ. ಕಟ್ಟಡ, ರನ್‌ವೇ ಬಿಟ್ಟು ಮಿಕ್ಕ ನೆಲದಲ್ಲಿ ಋತುವಿಗೆ ಇಷ್ಟು ಎಂದು ಮಂದೆಗಳಿಗೆ ಬಾಗಿಲು ತೆರೆದರೆ, ಮೇಯ್ದ ಹುಲ್ಲು ಮತ್ತು ಮೇಯದ ಹುಲ್ಲು ಎರಡರಲ್ಲೂ ಯಾವ ಹಕ್ಕಿ ಬಂತು, ಯಾವುದು ಹೋಯಿತು ಎಂದು ಅವರೇ ಅಳೆಯಬಹುದು. ಬ್ರಿಟಿಷ್ ಸೈನ್ಯ ಸಾಲಿಸ್‌ಬರಿಯಲ್ಲಿ ಮಾಡಬಲ್ಲದ್ದನ್ನು ನಮ್ಮ ವಿಜ್ಞಾನಿಗಳು ಮಾಡಲಾರರೆಂದು ನಾನು ನಂಬುವುದಿಲ್ಲ.

ಇಷ್ಟಕ್ಕೂ ಮೊದಲು ಕಿಲಾರಿ ಉಳಿಯಬೇಕು. ಹಟ್ಟಿಯ ಹುಡುಗರು ಬೆಂಗಳೂರಿನ ಗಾರ್ಮೆಂಟ್ಸು, ಬಳ್ಳಾರಿಯ ಗಣಿ ಕೆಲಸಕ್ಕೆ ಹೋಗುತ್ತಿದ್ದಾರೆ. ಸಂಬಳವಿಲ್ಲದೆ, ಮಳೆಬಿಸಿಲಿನಲ್ಲಿ ದೇವರ ಎತ್ತು ಕಾಯುವವನಿಗೆ ಹೆಣ್ಣು ಕೊಡಲೂ ಯೋಚಿಸುವ ಕಾಲ. ಯಾವ ಹುಲ್ಲು ಯಾವಾಗ ಮೇಯಿಸಬೇಕು, ಯಾವ ಹಳ್ಳದಲ್ಲಿ ಬೇಸಿಗೆಗೆ ನೀರು ನಿಲ್ಲುತ್ತದೆ, ಎಲ್ಲಿ ತೋಳ ಮರಿ ಹಾಕಿದೆ ಎಂಬ ತಿಳಿವು ಅವನೊಂದಿಗೆ ಹೋದರೆ ಮತ್ತೆ ಯಾವ ಪ್ರಯೋಗಾಲಯದಲ್ಲೂ ಹುಟ್ಟುವುದಿಲ್ಲ. ಅರಣ್ಯ ಕಾವಲುಗಾರನಿಗೆ ಸಂಬಳ ಕೊಡುವ ಸರ್ಕಾರ ಕಾವಲಿನ ಕಿಲಾರಿಗೂ ಕೊಡಲಿ. ಬರ ಬಂದಾಗ ದೇವರ ಎತ್ತಿಗೆ ಮೇವು ಹಾಕಿದ ಖರ್ಚನ್ನು ಪರಿಹಾರ ಎಂದು ಗೋಶಾಲೆಯ ಲೆಕ್ಕಕ್ಕೆ ಬರೆಯುವುದನ್ನು ಬಿಟ್ಟು, ವನ್ಯಜೀವಿ ಸಂರಕ್ಷಣೆಯ ಲೆಕ್ಕಕ್ಕೆ ಬರೆಯಲಿ. ಆ ಎತ್ತುಗಳು ನಾಲ್ಕು ಸಾವಿರ ವರ್ಷದಿಂದ ಮಾಡುತ್ತಿರುವ ಕೆಲಸ ಅದೇ.